ಹಾಲಿನವನಿಗೊಂದು ಹೆಸರಿತ್ತು

ಮುಂಡಗೋಡ ಕಡೆಯ ನಮ್ಮೂರಿಗೆ ಗೌಳಿ ದಡ್ಡಿಯಿಂದ ಹಾಲು ಬರುತ್ತಿತ್ತು. ತೆಳುವಾಗಿದ್ದರೆ ಅವ್ವ ಮರುದಿನ ಬಾಗಿಲಲ್ಲೇ ನಿಲ್ಲಿಸಿ, "ನಿನ್ನೆ ಹಾಲಿಗೆ ಏನಾಗಿತ್ತೋ ತಮ್ಮಾ?" ಅಂತ ಕೇಳುತ್ತಿದ್ದಳು. ಅವನು ತಪ್ಪನ್ನು ಎಮ್ಮೆಯ ಮೇಲೆ ಹಾಕುತ್ತಿದ್ದ. ಮಾರನೇ ದಿನ ಮಾತ್ರ ಹಾಲು ಗಟ್ಟಿ!

ಗ್ಲಸ್ಟರ್ ವಿಷಯದಲ್ಲಿ ಯಾರನ್ನು ನಿಲ್ಲಿಸಿ ಕೇಳೋದು? ಹಲವು ಸರ್ವರ್‌ಗಳ ಡಿಸ್ಕ್‌ಗಳನ್ನು ಒಂದೇ ದೊಡ್ಡ ಕಣಜದಂತೆ ತೋರಿಸುವ ಈ ಓಪನ್ ಸೋರ್ಸ್ ತಂತ್ರಾಂಶದ ಬಹಳಷ್ಟು ಕೋಡ್ ಬರೆದವರು ಬೆಂಗಳೂರಿನಲ್ಲೇ ಕೂತಿದ್ದವರು. 2011ರಲ್ಲಿ ರೆಡ್ ಹ್ಯಾಟ್ ಆ ಕಂಪನಿಯನ್ನು ಸುಮಾರು 13.6 ಕೋಟಿ ಡಾಲರಿಗೆ ಕೊಂಡಿತು. 2019ರಲ್ಲಿ ರೆಡ್ ಹ್ಯಾಟನ್ನೇ ಐಬಿಎಂ ಕೊಂಡಿತು. 2024ರ ಡಿಸೆಂಬರ್ 31ಕ್ಕೆ ರೆಡ್ ಹ್ಯಾಟ್ ಗ್ಲಸ್ಟರ್ ಸ್ಟೋರೇಜ್‌ಗೆ ಕೊಡುತ್ತಿದ್ದ ಬೆಂಬಲ ಮುಗಿಯಿತು. ಮೋಸವೇನಿಲ್ಲ, ದಿನಾಂಕ ಮೊದಲೇ ಹೇಳಿದ್ದರು. ಕೋಡ್ ಈಗಲೂ ಎಲ್ಲರದ್ದೇ.

ನನ್ನ ತಕರಾರು ಬೇರೆ. ಗಿಟ್ ಬ್ಲೇಮ್ ಹೊಡೆದರೆ ಒಂದೊಂದು ಸಾಲಿಗೂ ಬರೆದವರ ಹೆಸರು ಸಿಗುತ್ತೆ. ಆ ಬರೆಯುವವರಿಗೆ ಸಂಬಳ ಎಷ್ಟು ವರ್ಷ ಅಂತ ತೀರ್ಮಾನಿಸುವವರ ಹೆಸರು ಯಾವ ಕಮಿಟ್‌ನಲ್ಲೂ ಇರಲ್ಲ. ನಾವು ಹೊಗಳೋದು ಲೈಸೆನ್ಸನ್ನು, ನಿಜವಾಗಿ ನೆಚ್ಚಿಕೊಂಡಿರೋದು ಆ ಸಂಬಳವನ್ನು.

ನಾನೇನು ಸಾಚಾ ಅಲ್ಲ. ಒಂದು ಪ್ರಾಜೆಕ್ಟಿಗೆ ಇಂಥದ್ದೇ ಟೂಲ್ ಆರಿಸುವಾಗ ಗಿಟ್‌ಹಬ್ ಸ್ಟಾರ್ ಎಣಿಸಿ, "ದೊಡ್ಡ ಕಂಪನಿ ಹಿಂದಿದೆ, ಬಿಡ್ರಿ" ಅಂದವನು ನಾನೇ. ಆ ಕಂಪನಿಯ ಹೊರಗೆ ಎಷ್ಟು ಮಂದಿ ಮೇಂಟೇನರ್ ಇದ್ದಾರೆ ಅಂತ ನೋಡಲೇ ಇಲ್ಲ. ಮೊನ್ನೆ ಆ ಡಿಸೈನ್ ಡಾಕ್ಯುಮೆಂಟ್ ತೆರೆದೆ. ಆರಿಸಿದವರ ಹೆಸರಿನ ಜಾಗದಲ್ಲಿ "ಟೀಮ್" ಅಂತ ಬರೆದಿದ್ದೇನೆ.