ವೈ ಕ್ರೋಮೋಸೋಮಿನ ತಿಥಿಗೆ ಇಷ್ಟು ಅವಸರ ಯಾಕೆ?

ಬ್ರಯಾನ್ ಸೈಕ್ಸ್ ಬರೆದ ‘ಆ್ಯಡಮ್ಸ್ ಕರ್ಸ್’ ಬಂದಿದ್ದು 2003ರಲ್ಲಿ. ಆಕ್ಸ್‌ಫರ್ಡಿನಲ್ಲಿ ತಳಿವಿಜ್ಞಾನದ ಮೇಷ್ಟ್ರಾಗಿದ್ದವರು. ‘ಗಂಡಸರಿಲ್ಲದ ಭವಿಷ್ಯ’ ಅಂತ ಪುಸ್ತಕಕ್ಕೊಂದು ಉಪಶೀರ್ಷಿಕೆ. ವೈ ಕ್ರೋಮೋಸೋಮು ಕೆಡ್ತಾ ಇದೆ, ಇನ್ನು 5,000 ತಲೆಮಾರು, ಅಂದರೆ 1,25,000 ವರ್ಷದಲ್ಲಿ ಗಂಡಸರ ಫಲವತ್ತತೆ ಈಗಿನ ನೂರರಲ್ಲೊಂದು ಪಾಲಿಗೆ ಇಳಿಯುತ್ತೆ ಅನ್ನೋದು ಅದರ ದೊಡ್ಡ ಮಾತು. ಈಗಲೂ ಆಗಾಗ ಯಾರಾದರೂ ಈ ಸುದ್ದಿಯನ್ನ ಬಿಸಿ ಮಾಡಿ ಬಡಿಸ್ತಾನೇ ಇರ್ತಾರೆ. ಹಾಗಾಗಿ ಪುಸ್ತಕ ಹಳೇದಾದ್ರೂ ಲೆಕ್ಕ ತೆಗೆದು ನೋಡೋದರಲ್ಲಿ ತಪ್ಪಿಲ್ಲ.

ಭಯದ ಮೂಲ ನಿಜವಾದದ್ದೇ. ನಮ್ಮ ಉಳಿದ ಕ್ರೋಮೋಸೋಮುಗಳು ಜೋಡಿಯಾಗಿರುತ್ತವೆ. ಮುಂದಿನ ತಲೆಮಾರಿಗೆ ಹೋಗುವ ಮುಂಚೆ ಜೋಡಿಗಳು ತಮ್ಮ ತಮ್ಮ ತುಂಡುಗಳನ್ನ ಅದಲು ಬದಲು ಮಾಡಿಕೊಳ್ಳುತ್ತವೆ. ಹೆಣ್ಣಿನ ಎರಡು ಎಕ್ಸ್‌ಗಳೂ ಹಾಗೇ. ವೈ ಮಾತ್ರ ಎಕ್ಸ್ ಜೊತೆ ತನ್ನ ತುದಿಗಳನ್ನಷ್ಟೇ ಬದಲಾಯಿಸಿಕೊಳ್ಳುತ್ತೆ. ಉಳಿದ ಬಹುಭಾಗ ಅಪ್ಪನಿಂದ ಮಗನಿಗೆ ಇಡಿಯಾಗಿ ಹೋಗುತ್ತೆ. ನಮ್ಮ ಕಸುಬಿನ ಮಾತಲ್ಲಿ ಹೇಳೋದಾದ್ರೆ, ಎಂದೋ ಬೇರೆಯಾದ ಬ್ರಾಂಚು, ಆಮೇಲೆ ಮರ್ಜ್ ಆಗಲೇ ಇಲ್ಲ. ಒಳ್ಳೇ ಕೋಡು, ಬಗ್ಗು ಎರಡೂ ಒಟ್ಟಿಗೇ ಸಾಗಬೇಕು. ಚೆನ್ನಾಗಿದ್ದ ಪ್ರತಿ ಒಂದು ಸಲ ಆಕಸ್ಮಿಕವಾಗಿ ಕಳೆದುಹೋದರೆ ಎರಡು ಕೆಟ್ಟ ಪ್ರತಿ ಸೇರಿಸಿ ಒಂದು ಒಳ್ಳೇದು ಮಾಡೋ ದಾರಿ ಇಲ್ಲ. ಹರ್ಮನ್ ಮುಲ್ಲರ್ 1964ರಲ್ಲೇ ಇದನ್ನ ಮುಂದಕ್ಕೆ ಮಾತ್ರ ತಿರುಗುವ ಹಲ್ಲುಚಕ್ರಕ್ಕೆ ಹೋಲಿಸಿದ್ದರು.

ಸೈಕ್ಸ್ ಎಡವೋದು ಇದರ ಮುಂದಿನ ಹೆಜ್ಜೆಯಲ್ಲಿ. ಮಕ್ಕಳಾಗದಷ್ಟು ವೈ ಕೆಟ್ಟ ಗಂಡಸಿಗೆ ಮಗ ಹುಟ್ಟಲ್ಲ. ಅಂದರೆ ಆ ಕೆಟ್ಟ ವೈ ಅವನ ಜೊತೆಗೇ ಮುಗೀತು. ಅಂಥ ದೋಷ ಪ್ರತಿ ತಲೆಮಾರಿನಲ್ಲೂ ಹೊಸದಾಗಿ ಹುಟ್ಟಬೇಕು, ಬಡ್ಡಿ ಹಾಗೆ ಬೆಳೆಯಲ್ಲ. ಫಲವತ್ತತೆಯನ್ನ ಸ್ವಲ್ಪವೇ ತಗ್ಗಿಸುವ ದೋಷಗಳು ಕಣ್ಣು ತಪ್ಪಿಸಿ ದಾಟಬಹುದು, ನಿಜ. ಆದರೆ ಜನಸಂಖ್ಯೆ ದೊಡ್ಡದಾದಷ್ಟೂ ಹಾಗೆ ದಾಟೋದು ಕಷ್ಟ. ನಾವು ಈಗ 800 ಕೋಟಿ ಇದ್ದೀವಿ. ಪುಸ್ತಕ ದೋಷದ ಲೆಕ್ಕವನ್ನ ದೊಡ್ಡ ಅಕ್ಷರದಲ್ಲಿ ಬರೆದು, ಅದನ್ನ ತೊಳೆಯುವ ಆಯ್ಕೆಯ ಲೆಕ್ಕವನ್ನ ಸಣ್ಣದು ಮಾಡಿಬಿಡುತ್ತೆ.

ಜೆನ್ನಿಫರ್ ಗ್ರೇವ್ಸ್ ಇನ್ನೊಂದು ಲೆಕ್ಕ ಕೊಟ್ಟಿದ್ದರು. ಆದಿಯಲ್ಲಿ 1,438 ಜೀನು, ಉಳಿದಿರೋದು 45, ಕಳೆದ ಕಾಲ 30 ಕೋಟಿ ವರ್ಷ. ಭಾಗಿಸಿದರೆ ಇನ್ನು 1 ಕೋಟಿ ವರ್ಷಕ್ಕೆ ವೈ ಖಾಲಿ. ಸ್ಕೇಲು ಇಟ್ಟು ಗೆರೆ ಎಳೆದಂತೆ. 2012ರಲ್ಲಿ ಡೇವಿಡ್ ಪೇಜ್ ತಂಡ ರೀಸಸ್ ಕೋತಿಯ ವೈಯನ್ನ ನಮ್ಮದರ ಪಕ್ಕ ಇಟ್ಟು ನೋಡಿತು. ನಾವು ಅವು ಬೇರೆಯಾಗಿ 2.5 ಕೋಟಿ ವರ್ಷ. ಅಷ್ಟರಲ್ಲಿ ನಮ್ಮ ವೈ ಕಳಕೊಂಡ ಹಳೇ ಜೀನು ಒಂದೇ ಒಂದು. ಚಿಂಪಾಂಜಿಯ ವೈ ಇದಕ್ಕಿಂತ ಹೆಚ್ಚು ಕಳಕೊಂಡಿದೆ, ಅದನ್ನೂ ಹೇಳಬೇಕು. ಆದರೂ ಗೆರೆ ನೇರ ಅಲ್ಲ ಅನ್ನೋದಂತೂ ಖಚಿತ. ಸವೆತ ಮೊದಲು ಜೋರು, ಅಗತ್ಯದ ಜೀನುಗಳಷ್ಟೇ ಉಳಿದ ಮೇಲೆ ನಿಧಾನ.

ವೈವಿಧ್ಯದ ವಿಷಯಕ್ಕೆ ಬರೋಣ. ಒಂದು ಗಂಡು ಹೆಣ್ಣಿನ ಜೋಡಿಯಲ್ಲಿ ಬೇರೆ ಯಾವುದೇ ಕ್ರೋಮೋಸೋಮಿನ 4 ಪ್ರತಿ ಇದ್ದರೆ ಎಕ್ಸ್ 3, ವೈ 1. ಹಾಗಾಗಿ ವೈನಲ್ಲಿ ವೈವಿಧ್ಯ ಕಾಲು ಭಾಗ ಇರಬೇಕು. ಅಳೆದು ನೋಡಿದರೆ ಅದಕ್ಕಿಂತಲೂ ಕಡಿಮೆ. ಕೆಲವೇ ಗಂಡಸರು ಬಹಳ ಮಕ್ಕಳ ಅಪ್ಪಂದಿರಾಗಿದ್ದಕ್ಕೆ ಹೀಗಾಯ್ತು ಅನ್ನೋದು ಒಂದು ಉತ್ತರ. ಸೈಕ್ಸ್‌ಗೂ ಇಂಥ ಕಥೆ ಇಷ್ಟ. 2014ರಲ್ಲಿ ವಿಲ್ಸನ್ ಸೇಯರ್ಸ್, ಲೋಮುಲ್ಲರ್, ನೀಲ್ಸನ್ ತೋರಿಸಿದ್ದು ಬೇರೆ. ಅಪ್ಪಂದಿರ ಸಂಖ್ಯೆ ಒಂದರಿಂದಲೇ ಈ ಕೊರತೆಯನ್ನ ವಿವರಿಸೋಕಾಗಲ್ಲ, ಕೆಟ್ಟದ್ದನ್ನ ತೆಗೆಯುವ ಆಯ್ಕೆಯೂ ಅಲ್ಲಿ ಕೆಲಸ ಮಾಡಿದೆ. ಕೆಟ್ಟ ಜೀನಿನ ಜೊತೆ ಇಡೀ ವೈ ಹೊರಗೆ ಹೋಗೋದರಿಂದ ವೈವಿಧ್ಯ ಕಡಿಮೆಯಾಗುತ್ತೆ. ಅಂದರೆ ಬರೀ ಕೊಳೆಯೋದರ ಗುರುತು ಅಂದುಕೊಂಡಿದ್ದು ಕಳೆ ಕೀಳ್ತಾ ಇರೋದರ ಗುರುತೂ ಹೌದು!

ಪುಸ್ತಕದಲ್ಲಿ ಚೆನ್ನಾಗಿರೋದು ಸೈಕ್ಸ್ ಕೈಯಾರೆ ಮಾಡಿದ ಕೆಲಸ. ತಮ್ಮದೇ ‘ಸೈಕ್ಸ್’ ಹೆಸರಿನ ಗಂಡಸರನ್ನ ಪರೀಕ್ಷಿಸಿ, ಅರ್ಧದ ಹತ್ತಿರ ಜನರಲ್ಲಿ ಒಂದೇ ವೈ ಕಂಡ ಅಧ್ಯಾಯ, ಸ್ಕಾಟ್ಲೆಂಡಿನ ಮ್ಯಾಕ್ಡೊನಾಲ್ಡ್ ಮನೆತನದ ವೈ ಹಿಡಿದು ಸೋಮರ್ಲೆಡ್ ಎಂಬ ಪಾಳೆಯಗಾರನವರೆಗೆ ಹೋಗುವ ಅಧ್ಯಾಯ, ಎರಡೂ ಪತ್ತೇದಾರಿ ಕಥೆ ಥರ ಓದಿಸಿಕೊಳ್ಳುತ್ತವೆ. ತೊಂದರೆ ಅಂದರೆ, ಅಲ್ಲಿಂದ ವೈಗೆ ಆಸೆ, ಹಠ, ಯುದ್ಧದ ಹುಚ್ಚು ಎಲ್ಲಾ ಅಂಟಿಸಿ ಅದನ್ನ ಗಂಡಸಿನ ಆತ್ಮ ಮಾಡಿಬಿಡ್ತಾರೆ.

ನಮ್ಮಲ್ಲಿ ಈ ಮಾತು ಬರೀ ಪುಸ್ತಕದಲ್ಲಿ ಉಳಿಯಲ್ಲ. ವಂಶ ಉಳಿಸೋಕೆ ಗಂಡೇ ಬೇಕು ಅನ್ನೋ ಮನೆಗಳು, ಎರಡನೇ ಹೆಣ್ಣು ಹುಟ್ಟಿದ್ದಕ್ಕೆ ಸೊಸೆಯನ್ನ ಅನ್ನೋ ಮನೆಗಳು ಎಷ್ಟು ಬೇಕು! ವೈ ಕೊಡಬೇಕಾದವನು ಅವರ ಮಗ, ಸೊಸೆ ಅಲ್ಲ. ಅದಿರಲಿ, ವೈ ಎಷ್ಟು ದೊಡ್ಡದು? 2023ರಲ್ಲಿ ಪೂರ್ತಿ ಓದಿದಾಗ ಸಿಕ್ಕಿದ್ದು ಸುಮಾರು 6.2 ಕೋಟಿ ಅಕ್ಷರ. ನಮ್ಮ ಜೀನೋಮಿನ ಒಂದು ಪ್ರತಿಯಲ್ಲಿ ಸುಮಾರು 310 ಕೋಟಿ. ಹತ್ತು ತಲೆಮಾರು ಹಿಂದಕ್ಕೆ ಹೋದರೆ ಪೂರ್ವಜರ 1,024 ಸ್ಥಾನ ಇರುತ್ತೆ, ವೈ ಮಾತಾಡೋದು ಅದರಲ್ಲಿ ಒಬ್ಬನ ಬಗ್ಗೆ. ಎಕ್ಸ್, ವೈ ಬಿಟ್ಟರೆ ತಾತನ ಉಳಿದ ಜೀನುಗಳು ಮಗಳ ಮಕ್ಕಳಿಗೂ ಮಗನ ಮಕ್ಕಳಿಗೂ ಒಂದೇ ಲೆಕ್ಕದಲ್ಲಿ, ಸರಾಸರಿ ಕಾಲು ಪಾಲು ಸಿಗುತ್ತವೆ. ಈ ಸರಳ ಗಣಿತಕ್ಕೆ ಸೈಕ್ಸ್ ಇನ್ನಷ್ಟು ಪುಟ ಕೊಟ್ಟಿದ್ದರೆ ಪುಸ್ತಕಕ್ಕೆ ಬೇರೆಯದೇ ತೂಕ ಬರ್ತಿತ್ತು.

ಓದಬಾರದು ಅಂತಲ್ಲ. ಮನೆತನಗಳ ಕಥೆ ಬಾಯಿ ಚಪ್ಪರಿಸಿಕೊಂಡು ಓದಿ. ಭವಿಷ್ಯ ಹೇಳೋ ಅಧ್ಯಾಯಕ್ಕೆ ಬಂದಾಗ ಮಾತ್ರ ಪಕ್ಕದಲ್ಲೊಂದು ಪೆನ್ನು, ಹಾಳೆ ಇಟ್ಟುಕೊಳ್ಳಿ.