ನಾಲ್ಕು ಚಕ್ರಗಳ ಹೊಂದಾಣಿಕೆ

1992ರಲ್ಲಿ ಬಂದ ಮೊದಲ ತಲೆಮಾರಿನ ಸುಬಾರು ಇಂಪ್ರೆಜಾ ನನ್ನ ಅಚ್ಚುಮೆಚ್ಚಿನ ಕಾರು. ನೀಲಿ ಮೈ, ಬಂಗಾರದ ಬಣ್ಣದ ಚಕ್ರಗಳ ಇಂಪ್ರೆಜಾದಲ್ಲೇ ಕಾಲಿನ್ ಮೆಕ್‌ರೇ 1995ರ ವಿಶ್ವ ರ‍್ಯಾಲಿ ಚಾಂಪಿಯನ್ ಆದದ್ದು. ಇಂಥ ಹಳೆಯ ಕಾರಿಗೆ ಹೊಸ ಚಕ್ರ, ಸಸ್ಪೆನ್ಷನ್ ಆರಿಸುವುದೂ ಒಂದು ಕಲೆ.

ಅದರ ಹಬ್‌ನಲ್ಲಿ 100 ಮಿ.ಮೀ. ವ್ಯಾಸದ ವೃತ್ತದ ಮೇಲೆ ಐದು ಬೋಲ್ಟುಗಳಿವೆ. ಚಕ್ರದ ನಡುವಿನ ರಂಧ್ರ 56.1 ಮಿ.ಮೀ. ಬೇರೆ ಕಂಪನಿಯ ಚಕ್ರಗಳಲ್ಲಿ ಈ ರಂಧ್ರ ಸಾಮಾನ್ಯವಾಗಿ ದೊಡ್ಡದು. ಆ ಸಂದಿಗೊಂದು ತೆಳು ಉಂಗುರ ಕೂರಿಸಿದರೆ ಚಕ್ರ ನಟ್ಟನಡುವೆ ನಿಲ್ಲುತ್ತದೆ, ಸ್ಟಿಯರಿಂಗ್ ನಡುಗುವುದಿಲ್ಲ. ಎಷ್ಟು ಸಣ್ಣ ವಸ್ತು, ಎಷ್ಟು ದೊಡ್ಡ ಉಪಕಾರ!

ಟೈರಿನದು ಇನ್ನೂ ಸೂಕ್ಷ್ಮ. ಇಂಪ್ರೆಜಾದ ಒಂದು ಮಾದರಿಯಾದ ಡಬ್ಲ್ಯುಆರ್‌ಎಕ್ಸ್‌ನ 16 ಇಂಚಿನ 205/50 ಟೈರಿನ ಬದಲು 17 ಇಂಚಿನ 205/45 ಹಾಕಿದರೆ ಹೊರವ್ಯಾಸ ಹೆಚ್ಚುವುದು ಸುಮಾರು 5 ಮಿ.ಮೀ. ಮಾತ್ರ, 215/45 ಆದರೆ 14. ಅದಕ್ಕಿಂತಲೂ ಮುಖ್ಯ, ನಾಲ್ಕೂ ಟೈರುಗಳು ಒಂದೇ ಅಳತೆಯವಾಗಿ, ಸಮನಾಗಿ ಸವೆದಿರಬೇಕು. ಇಲ್ಲದಿದ್ದರೆ ಮುಂದಿನ ಮತ್ತು ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ನಡುವಿನ ಡಿಫರೆನ್ಷಿಯಲ್ ನೇರ ರಸ್ತೆಯಲ್ಲೂ ಬಿಡುವಿಲ್ಲದೆ ದುಡಿದು ಬಿಸಿಯಾಗುತ್ತದೆ.

ಕಾರನ್ನು ತಗ್ಗಿಸುವ ಆಸೆಗೂ ಮಿತಿ ಬೇಕು. ಅತಿಯಾದರೆ ಕೆಳಗಿನ ಆರ್ಮ್‌ಗಳು ಮೇಲ್ಮುಖವಾಗಿ ಓರೆಯಾಗುತ್ತವೆ, ತಿರುವಿನಲ್ಲಿ ಕಾರು ಓಲುವ ಕೇಂದ್ರವಾದ ರೋಲ್ ಸೆಂಟರ್ ಕುಸಿಯುತ್ತದೆ, ಸ್ಟ್ರಟ್‌ಗೆ ಆಡಲು ಜಾಗ ಉಳಿಯುವುದಿಲ್ಲ. ಸ್ಪ್ರಿಂಗಿನ ಬಿಗಿಗೆ ತಕ್ಕ ಡ್ಯಾಂಪರ್ ಆರಿಸಿ, ಹಗುರ ಚಕ್ರ ಹಾಕಿ. ಒರಟು ರಸ್ತೆಯಲ್ಲೂ ಟೈರು ನೆಲ ಬಿಡದು. ಹಳೆಯ ಕಾರಿಗೆ ಸಲ್ಲುವ ನಿಜವಾದ ಗೌರವ ಇದೇ.