ದೋಸ್ತನನ್ನು ಸ್ನೇಹಿತ ಮಾಡಿದ ತಪ್ಪು

ಕ್ಷೇತ್ರಕಾರ್ಯಕ್ಕೆಂದು ಇಳಕಲ್ಲಿಗೆ ಹೋದಾಗ ಹಿರಿಯ ನೇಕಾರರೊಬ್ಬರು, ವರ್ಷಗಟ್ಟಲೆ ತಮ್ಮ ಪಕ್ಕದ ಮಗ್ಗದಲ್ಲಿ ಕೂತಿದ್ದವನ ನೆನಪು ತೆಗೆದು, 'ನಮ್ಮ ದೋಸ್ತ ಹೋಗಿಬಿಟ್ಟನ್ರೀ' ಎಂದರು. ರಾತ್ರಿ ನಾನು ಬರೆದುಕೊಂಡದ್ದು: 'ಅವರ ಸ್ನೇಹಿತರು ತೀರಿಕೊಂಡಿದ್ದರು.' ಓದಿ ನೋಡಿದರೆ ಅವರ ದನಿಯೇ ಅಲ್ಲಿ ಇರಲಿಲ್ಲ.

ಈ ತಪ್ಪು ನನ್ನದೊಂದೇ ಅಲ್ಲ. ನಮ್ಮ ಎಷ್ಟೋ ಕಥೆಗಳಲ್ಲಿ ಸಂಭಾಷಣೆಯಲ್ಲಿ 'ದೋಸ್ತ' ಆಗಿದ್ದವನು, ನಿರೂಪಣೆ ಶುರುವಾದೊಡನೆ 'ಗೆಳೆಯ'ನೋ 'ಮಿತ್ರ'ನೋ ಆಗಿಬಿಡುತ್ತಾನೆ.

'ದೋಸ್ತ' ಪಾರಸಿ ಮೂಲದ ಪದ. 1490ರಿಂದ 1686ರವರೆಗೆ ಬಾಳಿದ ಬಿಜಾಪುರದ ಆದಿಲಶಾಹಿಯ ನೆರಳು ಬಿದ್ದ ಸೀಮೆ ನಮ್ಮದು. ಜಮೀನು, ದಫ್ತರ, ವಸೂಲಿಯಂಥ ಪದಗಳು ಆಡಳಿತದ ಬೆನ್ನಿಗೆ ಬಂದವು. ಆದರೆ ಒಬ್ಬನನ್ನು ದೋಸ್ತ ಎಂದು ಕರೆಯಲು ಯಾವ ಕಚೇರಿಯೂ ಹುಕುಂ ಹೊರಡಿಸಲಾರದು. ದಖನಿ ಆಡುವ ಮನೆಯೂ ಕನ್ನಡ ಆಡುವ ಮನೆಯೂ ಅಕ್ಕಪಕ್ಕ ಇದ್ದ ಓಣಿಗಳಲ್ಲಿ ಅದು ಬೇರು ಬಿಟ್ಟಿರಬೇಕು.

ಅಮೆರಿಕದ ಇಂಗ್ಲಿಷಿನಲ್ಲೂ ಸ್ಪ್ಯಾನಿಷ್‌ನಿಂದ ಬಂದ 'ಅಮಿಗೊ' ಇದೆ. ಆದರೆ ಅದನ್ನು ಆಡುವವರಿಗೆ ತಾವು ಸ್ಪ್ಯಾನಿಷ್ ಪದ ಆಡುತ್ತಿದ್ದೇವೆಂಬ ಎಚ್ಚರ ಇದ್ದೇ ಇರುತ್ತದೆ. ಬಾಗಲಕೋಟೆಯ ಬಸ್‌ ನಿಲ್ದಾಣದಲ್ಲಾಗಲಿ, ಹುನಗುಂದದ ಸಂತೆಯಲ್ಲಾಗಲಿ 'ಯಾಕಲೇ ದೋಸ್ತ' ಎನ್ನುವವನಿಗೆ ಪಾರಸಿಯ ನೆನಪೂ ಇಲ್ಲ. ದೋಸ್ತಗ, ದೋಸ್ತನ್ನ, ದೋಸ್ತರು. ದೋಸ್ತಿ ಆತು, ದೋಸ್ತಿ ಮುರೀತು. ಪ್ರತ್ಯಯ, ಕ್ರಿಯಾಪದ ಎಲ್ಲ ಕನ್ನಡದವೇ. ಹಾಗೆಂದು 'ಗೆಳೆಯ' ಮರೆಯಾಗಿಲ್ಲ. ಗೆಳೆಯ ಎಂದು ಹೆಚ್ಚಾಗಿ ಒಬ್ಬನ ಬಗ್ಗೆ ಹೇಳುತ್ತೇವೆ, ದೋಸ್ತ ಎಂದು ಅವನನ್ನೇ ಕೂಗುತ್ತೇವೆ. ಆ ನೇಕಾರರು ಸತ್ತವನಿಗೂ ಕೂಗುವ ಪದವನ್ನೇ ಬಳಸಿದ್ದರು.

ಬರಹದ ಕನ್ನಡ ಮಾತ್ರ ಈ ಪದವನ್ನು ತಮಾಷೆಗೆ ಇಟ್ಟುಕೊಂಡಿದೆ. 2018ರ ಕಾಂಗ್ರೆಸ್-ಜೆಡಿಎಸ್ ಸರ್ಕಾರ ಗಂಭೀರ ವರದಿಗಳಲ್ಲಿ ಹೆಚ್ಚಾಗಿ 'ಮೈತ್ರಿ ಸರ್ಕಾರ'ವಾಗಿತ್ತು. ಕೆಣಕಬೇಕಾದಾಗ 'ದೋಸ್ತಿ ಸರ್ಕಾರ'ವಾಗುತ್ತಿತ್ತು.

ಹೊರಗಿನ ಪದ ಎಂಬುದು ಇದಕ್ಕೆ ಕಾರಣವಾಗಲಾರದು. ಬಾದಾಮಿಯಲ್ಲಿರುವ, ಸುಮಾರು ಕ್ರಿ.ಶ. 700ರ ಕಪ್ಪೆ ಅರಭಟ್ಟನ ಶಾಸನವನ್ನೇ ನೋಡಿ. ಅದರ ಹೆಸರಾಂತ ತ್ರಿಪದಿಯ ಸಾಧು, ಮಾಧುರ್ಯ, ವಿಪರೀತ ಎಲ್ಲವೂ ಸಂಸ್ಕೃತದವು, ಛಂದಸ್ಸು ಕನ್ನಡದ್ದು. ಮಿತ್ರ, ಸ್ನೇಹಿತ ಕೂಡ ಅದೇ ದಾರಿಯಲ್ಲಿ ಬಂದವರು. ಮೊದಲು ಬಂದವರಿಗೆ ಪಡಸಾಲೆ, ಆಮೇಲೆ ಬಂದವನಿಗೆ ಹೊರಗಿನ ಕಟ್ಟೆ ಎಂಬ ಲೆಕ್ಕ ಯಾಕೆ?

ನನ್ನ ಪ್ರಬಂಧದ ಆ ಪುಟವನ್ನು ತಿದ್ದಿದ್ದೇನೆ. ಅವರ ದೋಸ್ತ ಹೋಗಿಬಿಟ್ಟಿದ್ದ ಎಂದೇ ಈಗ ಅಲ್ಲಿದೆ, ಉದ್ಧರಣ ಚಿಹ್ನೆಯಿಲ್ಲದೆ.